ಒಂದಡಿ ಬದುವಿನ ಮೇಲೆ ಬೀಗಿತ್ತಿಯರ ಮಹಾಸಮರ

ಪರ್ವತಗಳನ್ನೇರಿದ ವೀರರ ಕಥೆಯನ್ನು ಲೋಕ ಬೇಕಾದಷ್ಟು ಕೇಳಿದೆ. ಸಾಗರಗಳನ್ನು ದಾಟಿದವರಿಗೂ ಕೊರತೆಯಿಲ್ಲ. ಆದರೆ ಎಲೈ ಸಮತಲದ ಅಧಿದೇವತೆಯೇ, ಲಟ್ಟಣಿಗೆಯಿಂದ ತೀಡಿದ ಹಿಟ್ಟಿನಂತೆ ನಾಲೆಯಿಂದ ಹೊಳೆಯವರೆಗೆ ನುಣ್ಣಗೆ ಹಾಸಿಕೊಂಡವಳೇ, ಇಡೀ ಮೈಯಲ್ಲಿ ಕಡುಬಿನಷ್ಟು ಎತ್ತರದ ದಿಬ್ಬವನ್ನೂ ಇಟ್ಟುಕೊಳ್ಳದವಳೇ, ನಿನ್ನ ಎದೆಯ ಮೇಲೆ ನಡೆದುಹೋದ ಆ ಘೋರ ಯಾತ್ರೆಯನ್ನು ಹೇಳುವ ಕಸುವನ್ನು ಈ ನಾಲಿಗೆಗೆ ದಯಪಾಲಿಸು!

ಅದು ಕೂಸು ಸಿಂಚನಳಿಗೆ ಹನ್ನೊಂದು ತಿಂಗಳು ತುಂಬಿದ ಯುಗ. ಭತ್ತ ತೆನೆ ಬಿಚ್ಚುವ ಋತು. ಬೆಳಗಿನ ಎಂಟೂವರೆ ಎಂಬ ಮಹಾಮುಹೂರ್ತ. ಸಣ್ಣೇನಹಳ್ಳಿಯೆಂಬ ಎಪ್ಪತ್ತು ಮನೆಗಳ ಮಹಾನಗರಿಯಲ್ಲಿ, ಹೊಗೆಯುಗುಳುವ ಒಲೆಯ ಮುಂದೆ, ಮಂಡಿನೋವುಮರ್ದಿನಿಯೂ ಕಾಯಿಬೆಲ್ಲಹೂರಣವಿಶಾರದೆಯೂ ಆದ ಹೊನ್ನಾಜಮ್ಮನು ಇಪ್ಪತ್ತೊಂದು ಸಿಹಿಗಡುಬುಗಳನ್ನು ಹಬೆಯಿಂದ ಇಳಿಸುತ್ತಿದ್ದಾಗ ಮೊಬೈಲೆಂಬ ಪಾಂಚಜನ್ಯವು ಮೊಳಗಿತು.

"ಅವ್ವ, ನಿನ್ ಮೊಮ್ಮಗಳು ಬಾಗ್ಲು ಹಿಡ್ಕಂಡು ನಿಂತವ್ಳೆ. ಇವತ್ತು ಹೊಸ್ಲು ದಾಟೇ ದಾಟ್ತಾಳೆ ಕಣವ್ವ. ಬಿರ್ರನೆ ಬಾ," ಎಂದಳು ಎರಡು ಮೈಲಿ ಆಚೆ, ಹೊಳೆಕೊಪ್ಪಲಿನಲ್ಲಿ ಬಾಳುತ್ತಿದ್ದ ಮಗಳು ರೂಪ. "ನಾಲೆ ಏರಿ ಮೇಲೇ ಬಾ. ಆಟೋ ಸಿಕ್ಕಿದ್ರೂ ಸಿಕ್ತದೆ."

"ಏರಿ ಮೇಲಾ? ನಿಮ್ಮತ್ತೆ ಹೇಳ್ಕೊಟ್ಲಾ?"

"ಅಯ್ಯೋ, ಶುರು ಮಾಡ್ಬೇಡ ಕಣವ್ವ!"

ಆ ಸೀಮೆಯ ಶಾಸ್ತ್ರ ಹೀಗಿದೆ: ಕೂಸು ತನ್ನ ಕಾಲಿನ ಮೇಲೆ ತಾನೇ ಮೊದಲ ಸಲ ಹೆಜ್ಜೆಯಿಟ್ಟು ಹೊಸ್ತಿಲು ದಾಟುವಾಗ, ತಾಯಿಯ ತಾಯಿ ಎದುರು ನಿಂತು, ಬಿಸಿ ಕಡುಬು ಮುರಿದು ಬಾಯಿಗಿಡಬೇಕು. ಅವಳು ಬರದಿದ್ದರೆ ತಂದೆಯ ತಾಯಿ ಇಟ್ಟರೂ ನಡೆಯುತ್ತದೆ. ಶಾಸ್ತ್ರಕ್ಕೆ ಬೇಸರವಿಲ್ಲ. ಬೇಸರವಿದ್ದದ್ದು ಹೊನ್ನಾಜಮ್ಮನಿಗೆ. ಇಪ್ಪತ್ತಾರು ವರ್ಷದ ಹಿಂದೆ ರೂಪ ಮೊದಲ ಹೆಜ್ಜೆಯಿಟ್ಟ ದಿನ ಹೊನ್ನಾಜಮ್ಮ ಯಾರದೋ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದಳು. ಸಂಜೆ ಪಕ್ಕದ ಮನೆಯವಳು ಹೇಳಿದಳು: "ನಿನ್ ಕೂಸು ನಡೀತು ಕಣೆ, ನಾವೆಲ್ಲಾ ನೋಡ್ದೋ." ಆ ಮಾತು ಅಂದಿನಿಂದ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಮಗಳದ್ದು ತಪ್ಪಿತು. ಮಗಳ ಮಗಳದ್ದು ತಪ್ಪಬಾರದು.

ಇನ್ನು ದಾರಿಯ ವಿಚಾರ. ಎರಡೂರ ನಡುವೆ ಎರಡು ದಾರಿ. ನಾಲೆ ಏರಿಯ ದಾರಿ ಅಗಲ, ನೆರಳು, ಆದರೆ ಸುತ್ತು. ಗದ್ದೆ ಬದುವಿನ ದಾರಿ ನೇರ, ಆದರೆ ಒಂದಡಿ ಅಗಲ. ಎರಡರಲ್ಲೂ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಬಾಣಂತಿಯೂ ನಿದ್ದೆಗಣ್ಣಿನಲ್ಲಿ ನಡೆಯಬಹುದು. ಕೂಸಿನ ಹನ್ನೊಂದನೇ ದಿನದ ನಾಮಕರಣದ ಪಂಕ್ತಿಯಲ್ಲಿ, ಹಪ್ಪಳ ಮುರಿಯುವಾಗ, ರೂಪಳ ಅತ್ತೆ ದೇವೀರಮ್ಮ "ನಮ್ಮೂರ್ಗೆ ಏರಿ ದಾರೀನೇ ಸಲೀಸು" ಎಂದಿದ್ದಳು. "ಬದುವೇ ಸಲೀಸು," ಎಂದಿದ್ದಳು ಹೊನ್ನಾಜಮ್ಮ. ಹಪ್ಪಳ ಮುಗಿಯಿತು, ಪಾಯಸ ಮುಗಿಯಿತು, ಮಳೆಗಾಲ ಮುಗಿಯಿತು. ಯುದ್ಧ ಮಾತ್ರ ಮುಗಿಯಲಿಲ್ಲ.

ಆದ್ದರಿಂದ ಹೊನ್ನಾಜಮ್ಮನು ತಲೆಯ ಮೇಲೆ ಸಿಂಬಿಯೆಂಬ ಕಿರೀಟವನ್ನೂ, ಅದರ ಮೇಲೆ ಬಾಳೆಲೆ ಮುಚ್ಚಿದ ಕಡುಬಿನ ಬುಟ್ಟಿಯನ್ನೂ ಧರಿಸಿ, ನೀಲಿಪಟ್ಟಿಯ ಹವಾಯಿ ಚಪ್ಪಲಿಗಳೆಂಬ ಜೋಡಿ ಕುದುರೆಗಳನ್ನೇರಿ, "ಕಡುಬು ಆರೋದ್ರೊಳ್ಗೆ ಹೋಗ್ದಿದ್ರೆ ನಾನು ಹೊನ್ನಾಜಿನೇ ಅಲ್ಲ!" ಎಂದು ತೊಟ್ಟಿಯ ಬಳಿ ಮಲಗಿದ್ದ ನಾಯಿಯೆದುರು ಪ್ರತಿಜ್ಞೆಗೈದು, ಬದುವನ್ನೇ ಹಿಡಿದಳು.

ಆಹಾ, ಆ ದಿಗ್ವಿಜಯವನ್ನು ಏನೆಂದು ಬಣ್ಣಿಸಲಿ! ಏಡಿಬಿಲಗಳೆಂಬ ಪಾತಾಳದ್ವಾರಗಳನ್ನು ಬಲಗಾಲಿನಿಂದ ದಾಟಿದಳು. ಬದುವಿಗೆ ಅಡ್ಡಲಾಗಿ ಮೇಯುತ್ತಿದ್ದ ಎಮ್ಮೆಯೆಂಬ ದಿಗ್ಗಜವನ್ನು "ಹೋಯ್ ಅತ್ಲಾಗೆ" ಎಂಬ ಒಂದೇ ಅಸ್ತ್ರದಿಂದ ಸರಿಸಿದಳು. ಬೆಳ್ಳಕ್ಕಿಗಳು ಭಯದಿಂದ ಹಾರಿದವು. ಭಯವಿರಲಿಲ್ಲವೆನ್ನುವವರು ಬೆಳ್ಳಕ್ಕಿಗಳನ್ನು ಕೇಳಿಕೊಳ್ಳಬಹುದು. ಅರ್ಧದಾರಿಯಲ್ಲಿ ಮಹಾಸಾಗರ ಎದುರಾಯಿತು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಮಾಯಿಗಯ್ಯ ಬದುವನ್ನು ಗೇಣಗಲ ಕಡಿದು ನೀರು ಬಿಟ್ಟಿದ್ದ.

"ಏನ್ ಮಾಯಣ್ಣ, ದಾರೀನೇ ಕಡ್ದಿದ್ದೀಯಲ್ಲ!"

"ಗೇಣು ಕಣಕ್ಕ, ದಾಟು. ಏರಿ ಮೇಲ್ ಹೋಗಿದ್ರೆ ಇದೂ ಇರ್ತಿರ್ಲಿಲ್ಲ."

"ನೀನೂ ಅವ್ಳ ಕಡೆಯೋನೇ ಅನ್ನು," ಎಂದು ಹೊನ್ನಾಜಮ್ಮ ಸೀರೆ ಎತ್ತಿಕಟ್ಟಿ, ಕುಲದೇವರನ್ನು ನೆನೆದು, ಹಾರಿದಳು. ಸಾಗರ ಹಿಂದೆ ಉಳಿಯಿತು. ಮಾಯಿಗಯ್ಯನೂ ಗುದ್ದಲಿ ಹೆಗಲಿಗೇರಿಸಿ ತೂಬಿನತ್ತ ಹೋದ.

ಆಗ ಎದುರಿನಿಂದ, ಹೊಳೆಯ ಕಡೆಯ ಬಿಸಿಲನ್ನು ಬೆನ್ನಿಗೆ ಕಟ್ಟಿಕೊಂಡು, ಕೆನ್ನೆತುಂಬಎಲೆಅಡಿಕೆಧಾರಿಣಿಯಾದ ದೇವೀರಮ್ಮನು ಅದೇ ಬದುವಿನ ಮೇಲೆ ಬರುತ್ತಿರುವುದು ಕಾಣಿಸಿತು. ಅವಳ ಸೊಂಟದ ಮೇಲೆ ಸಾಕ್ಷಾತ್ ಸಿಂಚನ!

ಎರಡು ಮಾರು ಅಂತರದಲ್ಲಿ ಸೈನ್ಯಗಳು ನಿಂತವು. ಹೊರೆ ಹೊತ್ತವರು ಎದುರಾದರೆ ಬರಿಗೈಯವರು ಗದ್ದೆಗಿಳಿದು ದಾರಿ ಬಿಡಬೇಕೆಂಬುದು ಬದುವಿನ ಧರ್ಮ. ಇಲ್ಲಿ ಒಬ್ಬಳ ತಲೆಯ ಮೇಲೆ ಬುಟ್ಟಿ, ಇನ್ನೊಬ್ಬಳ ಸೊಂಟದ ಮೇಲೆ ಕೂಸು. ಧರ್ಮವು ತಲೆ ಕೆರೆದುಕೊಂಡಿತು.

"ಒಸಿ ಕೆಳೀಕ್ ಇಳೀರಿ," ಎಂದಳು ದೇವೀರಮ್ಮ.

ಇದರ ಭಾವಾರ್ಥ: "ಎಲೌ ಗದ್ದೆಬದುಗರ್ವಿತೆಯೇ! ಗಂಡಿನ ತಾಯಿಯೂ, ನಾಲೆಏರಿಮಾರ್ಗಪ್ರತಿಪಾದಕಿಯೂ ಆದ ನಾನು ಬರುತ್ತಿರಲು ಕೆಸರಿಗಿಳಿಯದೆ ನಿಂತ ನಿನ್ನ ಸಾಹಸವೆಂಥದು!"

"ನೀವೇ ಇಳೀರಿ ಬೀಗಿತ್ತಮ್ಮ. ಬಿಸಿ ಕಡುಬು ಅದೆ ತಲೆ ಮೇಲೆ," ಎಂದಳು ಹೊನ್ನಾಜಮ್ಮ.

ಇದರ ಭಾವಾರ್ಥವನ್ನು ಹೇಳದಿರುವುದೇ ಲೇಸು.

"ಬಿಸಿಯಂತೆ! ಒಂಬತ್ತೂಕಾಲಾಯ್ತು. ಏರಿ ಮೇಲ್ ಬಂದಿದ್ರೆ ಆಗ್ಲೇ ನಮ್ಮನೇಲಿ ಕಾಫಿ ಕುಡೀತಿದ್ರಿ."

"ಏರಿ ಮೇಲ್ ಬಂದಿದ್ರೆ ಇನ್ನೂ ನಮ್ಮೂರ್ ಹುಣ್ಸೆಮರದ್ ತಾವ್ ಇರ್ತಿದ್ದೆ. ಸಲೀಸಂತೆ ಸಲೀಸು! ಮತ್ ನೀವ್ಯಾಕೆ ಬದು ಮೇಲ್ ಬಂದ್ರಿ?"

ಈ ಬಾಣ ಮರ್ಮಕ್ಕೆ ನಾಟಿತು. ದೇವೀರಮ್ಮನ ಉತ್ತರಕ್ಕೆ ಎರಡೂ ಕೈ ಬೇಕಾಯಿತು. ಆ ಸೀಮೆಯಲ್ಲಿ ಕೈಯಾಡಿಸದೆ ಜಗಳವಾಡಿದವರು ಈವರೆಗೆ ಹುಟ್ಟಿಲ್ಲ. ಅವಳು ಕೂಸನ್ನು ಬದುವಿನ ಮೇಲೆ ನಿಲ್ಲಿಸಿ ತನ್ನ ಸೆರಗನ್ನು ಹಿಡಿಸಿದಳು. ಇತ್ತ ಹೊನ್ನಾಜಮ್ಮನೂ ಬುಟ್ಟಿಯನ್ನು ಕೆಳಗಿಟ್ಟಳು. ನಾಲ್ಕು ಕೈಗಳು ಆಕಾಶಕ್ಕೆದ್ದವು. ನಾಮಕರಣದ ಹಪ್ಪಳ ಬಂತು. ಬೀಗರೂಟದಲ್ಲಿ ಉಪ್ಪು ಕಮ್ಮಿಯಾದದ್ದು ಬಂತು. ಕೂಸಿನ ಮೂಗು ಯಾರ ಕಡೆಯದೆಂಬ ಪ್ರಾಚೀನ ವಿವಾದವೂ ಬಂತು.

ಕೂಸು ಬುಟ್ಟಿಯನ್ನು ನೋಡಿತು. ಬಾಳೆಲೆಯ ಸಂದಿನಿಂದ ಬೆಲ್ಲದ ಘಮ ಬರುತ್ತಿತ್ತು. ಅದು ಸೆರಗನ್ನು ಬಿಟ್ಟಿತು.

ಒಂದು ಹೆಜ್ಜೆ.

ಹೊನ್ನಾಜಮ್ಮನ ಕೈ ಗಾಳಿಯಲ್ಲೇ ನಿಂತಿತು. ಮೂಗಿನ ವಿವಾದ ಬಾಯಲ್ಲೇ ಉಳಿಯಿತು.

ಎರಡು. ಕೂಸು ಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ತೂಗಿ, ಬಿಗಿದ ಮುಷ್ಟಿಗಳನ್ನು ಮೇಲೆತ್ತಿ, ನೇರವಾಯಿತು. ಮೂರು. ಆಮೇಲೆ ಇನ್ನರ್ಧ. ಅಷ್ಟರಲ್ಲಿ ಹೆಜ್ಜೆ ಓರೆಯಾಗಿ, ಬದುವಿನ ಒಂದಡಿ ಅಗಲ ಮುಗಿದು, ಕೂಸು ಪಚಕ್ಕನೆ ಕೆಸರಿನಲ್ಲಿ ಕುಂಡಿಯೂರಿ ಕೂತಿತು.

"ಅಯ್ಯೋ ನನ್ ಕಂದ!" ಎಂದು ಇಬ್ಬರೂ ಒಟ್ಟಿಗೆ ಗದ್ದೆಗೆ ಹಾರಿದರು. ಯಾರು ಯಾರಿಗೆ ದಾರಿ ಬಿಟ್ಟರೆಂಬುದನ್ನು ಇತಿಹಾಸ ಬರೆದಿಟ್ಟಿಲ್ಲ. ಕೂಸು ಅಳಲಿಲ್ಲ, ಬುಟ್ಟಿಯತ್ತ ಕೈ ಚಾಚಿತು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಂಡು, ಹೊನ್ನಾಜಮ್ಮ ಒಂದು ಕಡುಬು ಮುರಿದಳು. ಬಿಸಿ ಆರಿತ್ತು. ಹಾಲುಹಲ್ಲಿನ ಬಾಯಿಗೆ ಅದೇ ಹದ.

"ನೋಡಿದ್ರಾ?" ಎಂದಳು.

"ನೋಡ್ದೆ," ಎಂದಳು ದೇವೀರಮ್ಮ. ಆಮೇಲೆ, ಎತ್ತಲೋ ನೋಡುತ್ತ: "ಹೊಸ್ಲ್ ತಾವೇ ಬಿಟ್ಟಿದ್ರೆ ಆಗ್ಲೇ ದಾಟ್ಬುಡ್ತಿತ್ತು. ನೀವ್ ಬರೋಗಂಟ ತಡೀಲಿ ಅಂತ ಎತ್ಕಂಡ್ ಬಂದ್‌ಬುಟ್ಟೆ. ನೀವು ಬದು ಬುಟ್ಟು ಬರಾಕಿಲ್ಲ ಅನ್ನೋದ್ ಗೊತ್ತಿತ್ತಲ್ಲ."

ಹೊನ್ನಾಜಮ್ಮನ ಬತ್ತಳಿಕೆಯಲ್ಲಿ ಹನ್ನೊಂದು ತಿಂಗಳಿಂದ ಕೂಡಿಟ್ಟ ಬಾಣಗಳಿದ್ದವು. ಅವನ್ನು ಅಲ್ಲೇ ಬಿಟ್ಟು, "ನೀವೂ ಒಸಿ ತಿನ್ನಿ," ಎಂದು ಉಳಿದರ್ಧ ಕಡುಬನ್ನು ಅವಳ ಕೈಗಿಟ್ಟಳು.

ಮನೆ ಮುಟ್ಟಿದಾಗ ರೂಪ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳು ಬೆಳಗಿನಿಂದ ಹೊಸ್ತಿಲಿಗೆ ಎರಡು ಸಲ ರಂಗೋಲಿ ಬಿಟ್ಟಿದ್ದಳು.

"ಎತ್ಲಾಗ್ ಹೋಗಿದ್ರಿ ಅತ್ತೆ? ಏನವ್ವ ಇದು ಕೆಸ್ರು? ಎಲ್ಲಾದ್ರೂ ಇಳ್ಸಿದ್ರಾ ಮಗೀನ? ನಡೀತಾ?"

ಮೂರೂವರೆ ಹೆಜ್ಜೆಯ ಮಹಾಕಾವ್ಯವು ಹೊನ್ನಾಜಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಊರಿಗೆಲ್ಲ ಸಾರಬಹುದಾಗಿದ್ದ ವಿಜಯವದು. ಅವಳು ಮಗಳ ಮುಖ ನೋಡಿದಳು. ತುದಿನಾಲಿಗೆಯ ಕಾವ್ಯವನ್ನು ಹಾಗೆಯೇ ನುಂಗಿದಳು.

"ಇಲ್ಲ ಕಣವ್ವ. ನೀನ್ ನೋಡ್ದಲೆ ಎಲ್ ನಡೆದಾಳು?"

"ಎಲ್ ನಡೀತು?" ಎಂದಳು ದೇವೀರಮ್ಮ, ಎಲೆಅಡಿಕೆಯನ್ನು ಇನ್ನೊಂದು ಕೆನ್ನೆಗೆ ಸರಿಸುತ್ತ. "ಸೊಂಟದ್ ಮೇಲೇ ಇತ್ತು. ನಾವೇ ಜಾರ್ ಬಿದ್ದೋ."

ಕೂಸನ್ನು ಹೊಸ್ತಿಲ ಬಳಿ ನಿಲ್ಲಿಸಿದರು. ಅದು ರಂಗೋಲಿಯನ್ನು ನೋಡಿತು, ಕೂತಿತು, ಅಂಬೆಗಾಲಿಕ್ಕಿ ಅಡುಗೆಮನೆಗೆ ಹೋಯಿತು.

"ಇವತ್ತಿಲ್ಲ ಬುಡು. ನಾಳೀಕೆ ಇನ್ನೊಂದ್ ಒಬ್ಬೆ ಕಡುಬು ಮಾಡ್ಕಂಡು ಬತ್ತೀನಿ," ಎಂದಳು ಹೊನ್ನಾಜಮ್ಮ.

"ಯಾವ ದಾರೀಲಿ?" ಎಂದಳು ದೇವೀರಮ್ಮ.

ಹೀಗೆ ಹನ್ನೊಂದು ತಿಂಗಳ ಮಹಾಸಮರವು ಬಚ್ಚಲುಕಲ್ಲಿನ ಮೇಲೆ ತಂಗಿತು. ವೀರಾಂಗನೆಯರು ಒಬ್ಬರ ಹೆಗಲನ್ನೊಬ್ಬರು ಹಿಡಿದು, ಒಂದೊಂದೇ ಕಾಲೆತ್ತಿ, ಕೆಸರು ತೊಳೆದುಕೊಂಡರು. ಒಂದು ಚೊಂಬು ನೀರು ಸಾಕಾಯಿತು. ಹೊನ್ನಾಜಮ್ಮನ ಎಡಗಾಲಿನ ಚಪ್ಪಲಿ ಗದ್ದೆಯಲ್ಲೇ ಉಳಿದಿತ್ತು.