ನಳ ಬಂದ ದಿನ ಕಂಪ್ಯೂಟರಿಗೂ ನೀರು ತುಂಬಿಸಿದ್ದು

ಕಂಪ್ಯೂಟರನ್ನು ಗಾಳಿಯಿಂದ ತಂಪು ಮಾಡಬೇಕೋ, ನೀರಿನಿಂದ ತಂಪು ಮಾಡಬೇಕೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಾಗ ನಾನು ಒಂದು ಕ್ಷಣವೂ ತಡವರಿಸಲಿಲ್ಲ. ಬಿ.ಎಸ್ಸಿ. ಓದಿದವನು, ಹದಿನೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಶಾಖ ಹೇಗೆ ಹರಿಯುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಚಿತ್ರಸಹಿತ ವಿವರಿಸಬಲ್ಲೆ. ಇಂಥ ಮನುಷ್ಯ ಮನೆಯಲ್ಲಿರುವಾಗ ಹೊರಗಿನವರನ್ನು ಏಕೆ ಕೇಳಬೇಕು?

ಕೇಳಬೇಕಿತ್ತು!

ಆ ಕಂಪ್ಯೂಟರ್ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಬೆಟಗೇರಿಯ ನೇಕಾರರಿಗೆ ಸೀರೆಯ ಅಂಚು, ಸೆರಗಿನ ವಿನ್ಯಾಸ ಬರೆದುಕೊಡುವುದು ಅವಳ ಉದ್ಯೋಗ. ನಮ್ಮ ಮನೆಗೂ ಪಕ್ಕದ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೊಂದು ಕಿಟಕಿ, ಕಿಟಕಿಯ ಕೆಳಗೆ ಕಂಪ್ಯೂಟರು. ಬೇಸಿಗೆ ಬಂದೊಡನೆ ಅದು ಹತ್ತು ನಿಮಿಷ ಗುರುಗುಟ್ಟಿ, ಆಮೇಲೆ ಮಾತಿಲ್ಲದೆ ಆರಿಹೋಗತೊಡಗಿತು.

ಅದೂ ಎಂಥ ಹೊತ್ತಿನಲ್ಲಿ! ಮುಂಡರಗಿಯ ಒಬ್ಬ ಮದುಮಗಳಿಗೆ ನಮ್ಮ ಕಡೆಯ ಮಾಗಡಿ ಕೆರೆಯ ಹಕ್ಕಿಗಳು ಸಾಲಾಗಿ ಹಾರುವ ಸೆರಗು ಬೇಕಾಗಿತ್ತು. ಗಿರಿಜಾ ಇಪ್ಪತ್ತು ದಿನಗಳಿಂದ ಒಂದೊಂದೇ ಚುಕ್ಕೆ ಇಟ್ಟು ಹಕ್ಕಿಗಳನ್ನು ಕೂಡಿಸುತ್ತಿದ್ದಳು. ನೇಕಾರರಿಗೆ ಕೊಡಬೇಕಾದ ದಿನವೂ ಗೊತ್ತಾಗಿತ್ತು. ಆ ಹಕ್ಕಿಗಳು ಇದ್ದದ್ದು ಆ ಕಂಪ್ಯೂಟರಿನೊಳಗೆ ಮಾತ್ರ. ಇನ್ನೊಂದು ಪ್ರತಿ ತೆಗೆದಿಡುವ ಜವಾಬ್ದಾರಿ ನನ್ನದಾಗಿತ್ತು. ಆದ್ದರಿಂದ ಇನ್ನೊಂದು ಪ್ರತಿ ಇರಲಿಲ್ಲ.

“ರೀ, ಅದರ ಫ್ಯಾನ್ ಒಮ್ಮೆ ಬಿಚ್ಚಿ ಒರಸ್ರಿ. ಅಷ್ಟ ಸಾಕು ಅನಸ್ತೈತಿ” ಎಂದಳು ಗಿರಿಜಾ.

“ಗಾಳಿಗಿಂತ ನೀರು ಹೆಚ್ಚು ಶಾಖ ಹೀರ್ತೈತಿ. ಇದು ವಿಜ್ಞಾನ.”

“ಒರಸಬ್ಯಾಡ ಅಂತ ವಿಜ್ಞಾನ ಹೇಳೈತೇನ್ರಿ?”

ಇಂಥ ಪ್ರಶ್ನೆಗಳಿಗೆ ದೊಡ್ಡವರು ಉತ್ತರ ಕೊಡುವುದಿಲ್ಲ. ನಾನು ನೇರವಾಗಿ ಹುಬ್ಬಳ್ಳಿಗೆ ಹೋದೆ.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು, ತಗಡಿನ ಪದರುಗಳ ಮೇಲೆ ಕುಳಿತ ಸಾಧಾರಣ ಫ್ಯಾನು. ಇನ್ನೊಂದಕ್ಕೆ ಪುಟ್ಟ ಪಾರದರ್ಶಕ ಟ್ಯಾಂಕು, ಪಂಪು, ಎರಡು ಪೈಪು, ರೇಡಿಯೇಟರು, ಜೊತೆಗೊಂದು ಬಾಟಲಿ ನೀಲಿ ದ್ರವ! “ನಿಮಗ ಗಾಳೀದ ಸಾಕ್ರಿ” ಎಂದ ಅವನು. ನನ್ನನ್ನು ನೋಡಿ ‘ಸಾಕು’ ಎಂದನಲ್ಲ! ಸ್ವಾಭಿಮಾನ ಕೆರಳಿತು. ನೀರಿನದೇ ಕಟ್ಟಿಸಿಕೊಂಡು ಬಂದೆ.

ಜೋಡಿಸುವವರು ಯಾರು? ಹೊಂಬಳದ ದಸ್ತಗೀರ ನಮ್ಮ ರಸ್ತೆಯಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ನನ್ನ ಹಳೆಯ ಗೆಳೆಯ. ಪೆಟ್ಟಿಗೆ ತೆರೆದು ನೋಡಿದವನ ಮುಖ ಅರಳಿತು.

“ಮಾಸ್ತರ್ರ, ಇದು ಟ್ರ್ಯಾಕ್ಟರ್ ರೇಡಿಯೇಟರಿನ ಮರಿ ಐತಲ್ರಿ!”

ಅರ್ಧ ದಿನದಲ್ಲಿ ಮರಿಯನ್ನು ಕೂರಿಸಿಯೇಬಿಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, “ದಿನಾ ಮುಂಜಾನೆ ನೀರ ನೋಡ್ರಿ. ಕಡಿಮಿ ಆಗಿದ್ರ ಬಂದ್ ಮಾಡಿ, ಆರಿದ ಮ್ಯಾಲ ಹಾಕ್ರಿ” ಎಂದ. ನಾನು ಆಗಲೇ ಪಕ್ಕದ ಮನೆಯವರಿಗೆ ಉಪನ್ಯಾಸ ಶುರುಮಾಡಿದ್ದೆ. ಅವನ ಮಾತಿನಲ್ಲಿ ಅರ್ಧ ಕಿವಿಗೆ ಬಿತ್ತು.

ನಿಜ ಹೇಳಬೇಕೆಂದರೆ, ಒಂದು ವಾರ ನಾನು ಗೆದ್ದಿದ್ದೆ. ನೀಲಿ ದ್ರವ ಸದ್ದಿಲ್ಲದೆ ಸುತ್ತುತ್ತಿತ್ತು. ಹಕ್ಕಿಗಳು ಒಂದರ ಹಿಂದೆ ಒಂದು ಸೆರಗಿಗೆ ಇಳಿದವು. ಕೊನೆಯ ಹಕ್ಕಿಯ ಬಾಲವೊಂದೇ ಉಳಿದಿತ್ತು. ಗಿರಿಜಾ ಒಮ್ಮೆ “ಛಲೋ ಮಾಡೀರಿ” ಎಂದೂ ಅಂದಳು. ಮರುದಿನ ಬೆಳಗಾದರೆ ನೇಕಾರರು ಬರುವವರಿದ್ದರು. ಈ ಕಥೆ ಇಲ್ಲಿಗೇ ಮುಗಿಯಬಹುದಿತ್ತು.

ಆದರೆ ನಳ ಬಂತು.

ನಮ್ಮ ಗದಗ-ಬೆಟಗೇರಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಎಂಟು ದಿನಕ್ಕೋ ಹತ್ತು ದಿನಕ್ಕೋ ಬರುತ್ತದೆ, ಬಂದ ದಿನ ಮನೆಯಲ್ಲಿ ಖಾಲಿ ಇರುವುದೆಲ್ಲ ತುಂಬಬೇಕು. ಕೊಡ, ಬಕೆಟ್ಟು, ಡ್ರಮ್ಮು ಆದ ಮೇಲೆ ಕುಕ್ಕರು. ಕುಕ್ಕರಾದ ಮೇಲೆ ಊಟದ ಡಬ್ಬಿ. ಆಮೇಲೆ ಲೋಟಗಳು. ಅಂದು ಎಲ್ಲವೂ ತುಂಬಿದವು, ಪಡಸಾಲೆಯೊಂದು ಬಿಟ್ಟು ಮನೆಯ ನೆಲವೆಲ್ಲ ಒದ್ದೆಯಾಯಿತು, ನಳ ಇನ್ನೂ ಸುರಿಯುತ್ತಲೇ ಇತ್ತು. ಹರಿಯುವ ನೀರು ನೋಡಿಕೊಂಡು ಸುಮ್ಮನಿರಲು ಗದಗಿನವರಿಂದ ಆಗುವುದಿಲ್ಲ. ಖಾಲಿ ಉಳಿದದ್ದೇನಾದರೂ ಇದೆಯೇ ಎಂದು ಮನೆ ತುಂಬ ಹುಡುಕಿದೆ.

ಇತ್ತು. ಕಂಪ್ಯೂಟರಿನ ಟ್ಯಾಂಕು ಒಂದು ಬೆರಳಿನಷ್ಟು ಕಡಿಮೆಯಾಗಿತ್ತು!

ಗಿರಿಜಾ ಬಾಲದ ಕೆಲಸ ಅರ್ಧಕ್ಕೆ ಬಿಟ್ಟು ಕೊಡ ಎತ್ತಲು ಎದ್ದು ಹೋಗಿದ್ದಳು, ಕಂಪ್ಯೂಟರ್ ನಡೆಯುತ್ತಲೇ ಇತ್ತು. ನಾನು ತಾಮ್ರದ ತಂಬಿಗೆಯ ತುಂಬ ತಾಜಾ ನೀರು ಹಿಡಿದು, ಅಡುಗೆಮನೆಯಿಂದ ಎಣ್ಣೆಯ ಲಾಳಿಕೆ ತಂದು, ಮುಚ್ಚಳ ತೆಗೆದು ಹೊಯ್ದೆ. ಟ್ಯಾಂಕು ತುಂಬಿತು. ಅಲ್ಲಿಗೆ ನಿಲ್ಲಿಸಬೇಕು. ಆದರೆ ತಂಬಿಗೆಯಲ್ಲಿ ಇನ್ನೂ ನೀರಿತ್ತು, ಚೆಲ್ಲಲು ಮನಸ್ಸು ಬರಲಿಲ್ಲ. ಇನ್ನೊಂದು ಗುಟುಕು ಕುಡಿಸಿದೆ.

ಕಂಪ್ಯೂಟರ್ ಆ ಗುಟುಕನ್ನು ಉಗುಳಿತು. ನೀರು ಪೈಪಿನ ಮೇಲೆ ಜಾರಿ, ಪೆಟ್ಟಿಗೆಯ ತಳದಲ್ಲಿದ್ದ ಕರೆಂಟಿನ ಡಬ್ಬಿಯೊಳಗೆ ಇಳಿಯಿತು.

ಫಟ್!

ಆ ಕ್ಷಣವನ್ನು ನನ್ನ ಮನಸ್ಸು ಈಗಲೂ ಊಟದ ನಡುವೆ, ಪಾಠದ ನಡುವೆ ಮತ್ತೆ ಮತ್ತೆ ತೋರಿಸುತ್ತದೆ. ನೀಲಿ ಕಿಡಿ. ಸುಟ್ಟ ವಾಸನೆ. ಬರಿಗಾಲು ನೀರಿನಲ್ಲಿ. ಪೆಟ್ಟಿಗೆಯಿಂದ ಒಂದು ತೆಳು ಧಾರೆ ನೆಲದ ಮೇಲಿದ್ದ ವೈರಿನ ಬೋರ್ಡಿನ ಕಡೆಗೆ ಹರಿಯುತ್ತಿದೆ. ಕೈಯಲ್ಲಿ ತಂಬಿಗೆ. ‘ತಾಮ್ರವು ವಿದ್ಯುತ್ತಿನ ಉತ್ತಮ ವಾಹಕ’ ಎಂದು ಹದಿನೆಂಟು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಕೈ ಅದು. ಬಾಗಿಲಲ್ಲಿ ಒದ್ದೆ ಸೀರೆಯ ಗಿರಿಜಾ, ಸೊಂಟದ ಮೇಲೆ ಕೊಡ, ಒಂದು ಕಾಲು ಒಳಗಿಡಲು ಎತ್ತಿದ್ದಾಳೆ.

“ಬರಬ್ಯಾಡ!” ಎಂದು ಕಿರುಚಿದೆ. ಅವಳು ನಿಂತಳು. ನಾನೂ ನಿಂತೇ ಇದ್ದೆ.

“ನೀವ್ಯಾಕ ಅಲ್ಲೇ ನಿಂತೀರಿ? ಹೊರಗ ಬರ್ರಿ!”

“ಗಿರಿಜಾ... ನೀರು... ವಾಹಕ...”

“ಪಾಠ ಆಮ್ಯಾಲ ಹೇಳ್ರಿ!”

ಕೊಡ ಇಳಿಸಿದಳು. ಪಡಸಾಲೆಯ ಒಣ ನೆಲದ ಮೇಲೆ ಕಟ್ಟಿಗೆಯ ಮಣೆ ಹಾಕಿ ನಿಂತು, ಕೈ ಒರೆಸಿಕೊಂಡು, ಲಟ್ಟಣಿಗೆಯಿಂದ ಮೇನ್ ಸ್ವಿಚ್ಚಿಗೆ ಒಂದೇ ಏಟು ಕೊಟ್ಟಳು. ಮನೆಯೆಲ್ಲ ಸ್ತಬ್ಧ. ವಿಜ್ಞಾನ ಓದಿದವನು ನೀರಿನಲ್ಲಿ ನಿಂತಿದ್ದ. ಅದನ್ನು ಓದದವಳು ಒಣ ಮಣೆಯ ಮೇಲಿದ್ದಳು.

“ನಿಮಗೇನೂ ಆಗಿಲ್ಲಲ್ಲಾ?” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಹಕ್ಕಿ?” ಎಂದಳು.

ನಾನು ತಂಬಿಗೆ ಕೆಳಗಿಟ್ಟು ದಸ್ತಗೀರನನ್ನು ಕರೆಯಲು ಹೊರಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ದಸ್ತಗೀರ ಬಂದು ಬಗ್ಗಿ ನೋಡಿದ.

“ಚಾಲೂ ಇಂಜಿನ್ನಿಗೆ ನೀರ ಹಾಕಿದ್ರೇನ್ರಿ? ಬಂದ್ ಮಾಡಿ ಹಾಕ್ರಿ ಅಂತ ಹೇಳಿದ್ನಲ್ಲಾ!”

“‘ಹಾಕ್ರಿ’ ಅನ್ನೋದು ಕೇಳಿತ್ತು.”

ಅವನು ಎಲ್ಲ ಬಿಚ್ಚಿ ಒರೆಸಿ, ಬಿಸಿಲಿಗೆ ಹರವಿ, ನೋಡಿದ. “ಕರೆಂಟಿನ ಡಬ್ಬಿ ಒಂದ ಸುಟ್ಟೈತಿ. ಅಕ್ಕಾರ ಹಕ್ಕಿ ಇರೋ ಡಿಸ್ಕ್ ಪೆಟ್ಟಿಗ್ಯಾಗ ಮ್ಯಾಲ ಕುಂತೈತಿ, ಹನಿ ನೀರ ಮುಟ್ಟಿಲ್ಲ. ಆದ್ರ ಹಚ್ಚಿ ನೋಡೂತನಕ ನಾ ಏನೂ ಹೇಳಾಂಗಿಲ್ಲ.” ಊರೊಳಗೆ ಹೋಗಿ ಬೇರೆ ಡಬ್ಬಿ ತಂದ. “ಈಗ ತಂಪು ಮಾಡಾಕ ಏನೈತಿ? ಹಳೆ ಫ್ಯಾನ್ ಒಗದೀರೇನು?”

ಒಗೆದಿರಲಿಲ್ಲ. ದಸ್ತಗೀರ ಜೋಡಿಸಲು ಬರುವ ಮೊದಲೇ ನಾನೇ ಕಿತ್ತು, ತಿರುಗಿಸಿಯೂ ನೋಡದೆ, ತಿರಸ್ಕಾರದಿಂದ ಅಟ್ಟಕ್ಕೆ ಹಾಕಿದ್ದೆ. ತಂದುಕೊಟ್ಟೆ. ಅದನ್ನು ತಿರುಗಿಸಿ ನೋಡಿದ ದಸ್ತಗೀರ ನಗಲು ಶುರುಮಾಡಿದ. ಕಿಟಕಿಯಿಂದ ಹಾರಿಬಂದ ಮಗ್ಗದ ನೂಲಿನ ಧೂಳು ತಗಡಿನ ಪದರುಗಳ ನಡುವೆ ಒತ್ತಿ ಕುಳಿತಿತ್ತು. ಕೆಂಪು, ಹಸಿರು, ಹಳದಿ; ಪಕ್ಕದ ಮನೆಯಲ್ಲಿ ವರ್ಷಗಟ್ಟಲೆ ನೇಯ್ದ ಸೀರೆಗಳೆಲ್ಲ ಅಲ್ಲಿ ಒಂದೊಂದು ಪದರ ಬಿಟ್ಟುಹೋಗಿದ್ದವು.

“ಮಾಸ್ತರ್ರ, ಇದು ಫ್ಯಾನ್ ಅಲ್ರಿ, ಗಾದಿ! ಗಾಳಿ ಎಲ್ಲಿಂದ ಹೋಗಬೇಕ್ರಿ ಪಾಪ?”

ಗಿರಿಜಾ ನನ್ನ ಕಡೆ ನೋಡಿದಳು. ನಾನು ಸೂರಿನ ಕಡೆ ನೋಡಿದೆ.

ಬ್ರಶ್ಶು ಹೊಡೆಯಲು ಐದು ನಿಮಿಷ ಹಿಡಿಯಿತು. ಫ್ಯಾನು ಕೂರಿಸಿ, ಸ್ವಿಚ್ ಹಾಕಿದ. ಪರದೆ ಬಹಳ ಹೊತ್ತು ಕಪ್ಪಗಿತ್ತು. ಆಮೇಲೆ ಒಂದು ಕೊಕ್ಕು, ಒಂದು ರೆಕ್ಕೆ, ಸಾಲಿಗೆ ಸಾಲೇ ಹಕ್ಕಿಗಳು!

“ಎಲ್ಲಾ ಅದಾವ” ಎಂದಳು ಗಿರಿಜಾ. “ಅರ್ಧ ಬಾಲ ಅಷ್ಟ ಹೋಗೈತಿ.” ಅಲ್ಲೇ ಕುಳಿತು ಅದನ್ನೂ ಮುಗಿಸಿದಳು. ಮರುದಿನ ಬೆಳಿಗ್ಗೆ ಹಕ್ಕಿಗಳು ಮಗ್ಗಕ್ಕೆ ಹಾರಿದವು. ಫ್ಯಾನು ಈಗ ಸದ್ದೇ ಮಾಡುವುದಿಲ್ಲ.

ಆ ಬಣ್ಣಬಣ್ಣದ ಧೂಳನ್ನು ಗಿರಿಜಾ ಚೆಲ್ಲಲಿಲ್ಲ. ತೊಳೆದು ಒಣಗಿಸಿ, ಒಂದು ಪುಟ್ಟ ದಿಂಬಿನಲ್ಲಿ ತುಂಬಿ ಹೊಲಿದು, ಸೂಜಿ ಚುಚ್ಚಿಡಲು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟಿದ್ದಾಳೆ. ಬಂದವರು ಇದೇನೆಂದು ಕೇಳಿದರೆ “ನಮ್ಮ ಮನಿಯವರ ಸಂಶೋಧನಿ” ಎನ್ನುತ್ತಾಳೆ.

ನಳ ಬಂದ ದಿನ ಈಗ ಆ ಕೋಣೆಗೆ ಬೀಗ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು, ಆ ದಿಂಬು ತೊಡೆಯ ಮೇಲಿಟ್ಟುಕೊಂಡು, ಅವಳ ಸೂಜಿಗಳಿಗೆ ದಾರ ಪೋಣಿಸುತ್ತೇನೆ. ಗಾಳಿ ಚೆನ್ನಾಗಿ ಬರುತ್ತದೆ, ನೆಮ್ಮದಿಯ ಕೆಲಸ. ಹದಿನೆಂಟು ವರ್ಷ ವಿಜ್ಞಾನ ಕಲಿಸಿದವನಿಗೆ ಇಷ್ಟನ್ನು ನಂಬಿ ಒಪ್ಪಿಸಿದ್ದಾಳೆ.

ಪೋಣಿಸಿದ ಮೇಲೆ ಒಂದೊಂದನ್ನೂ ಎಳೆದು ನೋಡುತ್ತಾಳೆ.