ಸುಬೇದಾರನ ಶಿಸ್ತು

ರುಕ್ಮಿಣಮ್ಮ ಮದುವೆಗೆ ಹೊರಟವರು ನೆಟ್ಟಗೆ ಮದುವೆಗೇ ಹೋಗಿದ್ದರೆ ಈ ರಾಮಾಯಣ ಆಗುತ್ತಿರಲಿಲ್ಲ. ಆದರೆ ಹೊಸ ರೇಷ್ಮೆ ಸೀರೆಯನ್ನು ಪಕ್ಕದ ಮನೆಯ ಮಂಜುಳಾಗೆ ತೋರಿಸದೆ ಕಣಕಟ್ಟೆ ಊರು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಬಂದರು, ನಡುಮನೆಯ ಹೊಸ ಚಾಪೆಯ ಮೇಲೆ ಕೂತರು, ಕೂತಷ್ಟೇ ಬೇಗ ಎದ್ದರು.

“ಅಯ್ಯೋ ಶಿವನೇ! ಒದ್ದೆ ಕಣ್ರೀ!”

ಮಂಜುಳಾ ಬಗ್ಗಿ ಮೂಸಿ ನೋಡಿ, ಗಂಡನ ಕಡೆ ತಿರುಗಿದಳು. “ಒಂದು ವಾರದಿಂದ ಇದೇ ಆಯ್ತು. ನಾಳೆ ಬೆಳಗ್ಗೇನೇ ನಿಮ್ಮ ನಾಯೀನ ಗೆಂಡೆಹಳ್ಳಿಗೆ, ನಮ್ಮಣ್ಣನ ಹೊಲಕ್ಕೆ ಅಟ್ಬಿಡಿ.”

ಕುಮಾರಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. ಆತ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನಾಯಿಗೆ ಸುಬೇದಾರ ಎಂದು ಹೆಸರಿಟ್ಟು, ಅಂಗೈಯಷ್ಟಿದ್ದಾಗಿನಿಂದ ತಾನೇ ತಿದ್ದಿ ಬೆಳೆಸಿದ್ದ. ಊಟ ಮುಗಿಸಿ ಆತನ ಕಾಲ ಮೇಲೆ ತಲೆಯಿಟ್ಟು ಮಲಗುವ ಜೀವ ಅದು. ಅದನ್ನು ಅಟ್ಟುವುದೇ?

“ನಾನು ಕಲಿಸಿದ ನಾಯಿ ಹಂಗೆಲ್ಲಾ ಮಾಡಲ್ಲ! ಏನೋ ಕಾಯಿಲೆ ಇರಬೇಕು. ತಪ್ಪು ಯಾರದು ಅಂತ ಇವತ್ತೇ ಸಾಬೀತು ಮಾಡ್ತೀನಿ. ಯಾರದು ತಪ್ಪೋ ಅವರು ಜಗಲಿ ಮೇಲೆ. ಒಂದು ತಿಂಗಳು ಹೊಸಲು ದಾಟಂಗಿಲ್ಲ!”

“ಈ ಮಾತಿಗೆ ನಾನೇ ಸಾಕ್ಷಿ,” ಎಂದರು ರುಕ್ಮಿಣಮ್ಮ, ಸೀರೆ ಹಿಂಡುತ್ತಾ.

ಗಲಾಟೆ ಕೇಳಿ ಎದುರುಮನೆಯ ಜವರಯ್ಯ ಬಂದ. ಊರಿನಲ್ಲಿ ಯಾರಿಗೇ ಸೀನು ಬಂದರೂ ಔಷಧಿ ಹೇಳುವವನು ಅವನೇ.

“ಕಲ್ಲು ಕಣಪ್ಪಾ. ನಂಗೂ ಹಿಂಗೇ ಆಗಿತ್ತು. ಬಾಳೆದಿಂಡಿನ ರಸ ಕುಡ್ಸು.”

“ನೀನೂ ಚಾಪೆ ಮೇಲೇ ಮಾಡ್ತಿದ್ದೇನ್ಲಾ?” ಎಂದು ಕುಮಾರಸ್ವಾಮಿ ಸಿಡುಕಿದ. ಆದರೂ ಅರಸೀಕೆರೆಯ ಪಶು ಆಸ್ಪತ್ರೆಗೆ ಹೋಗಲು ಜವರಯ್ಯನ ಸ್ಕೂಟರೇ ಗತಿಯಾಯಿತು. ಬಸ್ಸಿಗೆ ನಾಯಿ ಹತ್ತಿಸಿದರೆ ಕಂಡಕ್ಟರ್ ಅರ್ಧ ದಾರಿಯಲ್ಲೇ ಸೀಟಿ ಊದಿ ಇಳಿಸಿಬಿಡುತ್ತಿದ್ದ. ಮುಂದೆ ಜವರಯ್ಯ, ಹಿಂದೆ ಮೇಷ್ಟ್ರು, ಇಬ್ಬರ ನಡುವೆ ಸುಬೇದಾರ ಮದುವೆ ಗಂಡಿನ ಹಾಗೆ ಗಂಭೀರವಾಗಿ ಕೂತಿತ್ತು.

ಅಲ್ಲಿನ ಡಾಕ್ಟರ್ ಹೇಮಾಶ್ರೀ ಸುಬೇದಾರನ ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಒಂದು ಪುಟ್ಟ ಡಬ್ಬಿ ಕೊಟ್ಟಳು. “ಮೂತ್ರ ಹಿಡ್ಕೊಂಡು ಬನ್ನಿ.”

ಹೇಳುವುದು ಸುಲಭ. ಉರಿಬಿಸಿಲಿನಲ್ಲಿ ಎರಡು ಗಂಟೆ ಕಾಲ ಕುಮಾರಸ್ವಾಮಿ ಡಬ್ಬಿ ಹಿಡಿದು, ಸೊಂಟ ಬಗ್ಗಿಸಿಕೊಂಡು ನಾಯಿಯ ಹಿಂದೆ ಅಲೆದ. ಸುಬೇದಾರ ಪ್ರತಿಯೊಂದು ಲೈಟುಕಂಬವನ್ನೂ ಮೂಸಿ, ಇದು ತನಗಲ್ಲ ಎಂಬಂತೆ ಮುಂದೆ ನಡೆಯಿತು. ಟೀ ಅಂಗಡಿಯಿಂದ ಯಾರೋ ಹಳೆಯ ವಿದ್ಯಾರ್ಥಿ ಕೂಗಿದ: “ಸಾರ್, ನಮಸ್ಕಾರ! ಏನ್ ಸಾರ್, ಹಾಲು ಕರೆಯೋಕಾ?” ಕುಮಾರಸ್ವಾಮಿ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಸೋತು ವಾಪಸು ಬರುವಾಗ ಆಸ್ಪತ್ರೆಯ ಎದುರು ಎಳನೀರಿನವನ ಗಾಡಿ ಸಿಕ್ಕಿತು. ಸುಬೇದಾರ ಹಗ್ಗ ಕಿತ್ತುಕೊಂಡು ಓಡಿತು. ಗಾಡಿಯ ಹಿಂದೆ ಒಣಗಿ ಬಿದ್ದಿದ್ದ ಬುರುಡೆಗಳ ರಾಶಿ ಹತ್ತಿ, ಕಾಲೆತ್ತಿ, ಕಣ್ಣು ಮುಚ್ಚಿತು. ಡಬ್ಬಿ ತುಂಬಿತು, ಮೇಷ್ಟ್ರ ಅಂಗೈ ತುಂಬಿತು, ಇನ್ನೂ ನಿಲ್ಲಲಿಲ್ಲ. ಎಳನೀರಿನವನು ಮಚ್ಚು ಹಿಡಿದೇ ಬೈಯತೊಡಗಿದ.

ಕಿಟಕಿಯಿಂದ ನೋಡುತ್ತಿದ್ದ ಹೇಮಾಶ್ರೀ ನಗುತ್ತಾ ಹೊರಗೆ ಬಂದಳು. “ಸಾರ್, ಇದಕ್ಕೆ ಎಲ್ಲಿ ಮಾಡು ಅಂತ ಕಲಿಸಿದ್ರಿ?”

“ಹಿತ್ತಲಲ್ಲಿ, ತೆಂಗಿನಕಾಯಿ ಮಟ್ಟೆ ರಾಶಿ ಮೇಲೆ. ಪ್ರಾಣ ಹೋದ್ರೂ ಬೇರೆ ಕಡೆ ಕಾಲೆತ್ತಲ್ಲ ಮೇಡಂ!” ಕುಮಾರಸ್ವಾಮಿ ಎದೆ ಸೆಟೆಸಿದ.

“ಆ ರಾಶಿ ಈಗ ಇದ್ಯಾ?”

“ಇಲ್ಲ, ಹೋದ ವಾರ ನಾರಿನ ಕಾರ್ಖಾನೆಯೋರು ಲಾರೀಲಿ ತುಂಬ್ಕೊಂಡು ಹೋದ್ರು. ಖುಷಿಗೆ ನಂಗೊಂದು ದೊಡ್ಡ ನಾರಿನ ಚಾಪೆ ಕೊಟ್ರು. ನಾನೇ ನಡುಮನೇಲಿ...”

ಆತ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ.

“ನಾಯಿಗೆ ಯಾವ ಕಾಯಿಲೆಯೂ ಇಲ್ಲ ಸಾರ್. ಅದರ ಕಾಲಿಗೆ ನಾರು ತಗುಲಿದ್ರೆ ಸಾಕು. ಕಕ್ಕಸು ಹಿತ್ತಲಿಂದ ನಡುಮನೆಗೆ ಬಂತು ಅಂದ್ಕೊಂಡಿದೆ, ಅಷ್ಟೇ.”

ದಾರಿಯುದ್ದಕ್ಕೂ ಕುಮಾರಸ್ವಾಮಿ ಗೊಣಗಿದ. ಕಾರ್ಖಾನೆಯವರಿಗೆ ಕೊಡಲು ಬೇರೇನೂ ಸಿಗಲಿಲ್ಲವೇ? ಮನೆಯಲ್ಲಿ ಹೇಳಲು ಜಂತುಹುಳದ ಒಂದು ಕತೆಯನ್ನೂ ಹೊಂದಿಸಿಕೊಂಡ. ಆದರೆ ಜವರಯ್ಯನ ಫೋನು ಜವರಯ್ಯನ ಸ್ಕೂಟರಿಗಿಂತ ಮೊದಲೇ ಕಣಕಟ್ಟೆ ಮುಟ್ಟಿತ್ತು. ರುಕ್ಮಿಣಮ್ಮ ಹತ್ತಿ ಸೀರೆಯಲ್ಲೇ ಮದುವೆ ಊಟ ಮುಗಿಸಿ ಬಂದು, ಬಾಗಿಲಲ್ಲಿ ಸಾಕ್ಷಿಗೆ ಸಿದ್ಧವಾಗಿ ನಿಂತಿದ್ದರು.

ಮಂಜುಳಾ ಬೈಯಲಿಲ್ಲ. ಸುಬೇದಾರನ ತಲೆ ಸವರಿ ಒಳಗೆ ಕರೆದುಕೊಂಡು ಹಾಲು ಹಾಕಿದಳು. ತೊಳೆದು ಬಿಸಿಲಲ್ಲಿ ಒಣಗಿಸಿದ್ದ ಚಾಪೆಯನ್ನು ತಂದು ಜಗಲಿಯ ಮೇಲೆ ಹಾಸಿದಳು.

“ಒಂದು ತಿಂಗಳು, ಅಲ್ವಾ?” ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಕುಮಾರಸ್ವಾಮಿ ಕೋಪದಿಂದ ಕಾಲು ಚಾಚಿ, ಗೋಡೆ ಕಡೆ ಮುಖ ಮಾಡಿ ಮಲಗಿದ. ಇಡೀ ದಿನ ಯಾರಿಗಾಗಿ ಬಿಸಿಲಲ್ಲಿ ಬೆಂದೆನೋ ಅದು ಒಳಗೆ, ತಾನು ಹೊರಗೆ! ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಸುಬೇದಾರ ಬಂತು. ಆತನನ್ನು ಒಂದು ಸುತ್ತು ಸುತ್ತಿತು. ಮೇಷ್ಟ್ರ ಕಣ್ಣು ತುಂಬಿಬಂತು.

“ನಿಂಗಾದ್ರೂ ನಿಯತ್ತೈತಲ್ಲೋ, ಮಲಕ್ಕೊ ಬಾ,” ಎಂದು ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಬಿಟ್ಟ.

ಸುಬೇದಾರ ಆ ಜಾಗವನ್ನು ಚೆನ್ನಾಗಿ ಮೂಸಿ, ಮೇಷ್ಟ್ರು ಕಲಿಸಿದ್ದಂತೆಯೇ ಕಾಲೆತ್ತಿತು.