ಪ್ರೊಟೊಕಾಲಣ್ಣನ ಪಹರೆ

ರಜಾದಿನ ಬೆಳಗ್ಗೆ ಊಟದ ಮೇಜಿನ ಕುರ್ಚಿಯೊಂದನ್ನು ದರದರ ಎಳೆದು ತಂದು ಪ್ರೊಟೊಕಾಲಣ್ಣ ಮನೆ ಬಾಗಿಲ ಬಳಿ ಹಾಕಿಕೊಂಡು ಕೂತದ್ದೇ ಆ ದಿನದ ರಾದ್ಧಾಂತಕ್ಕೆಲ್ಲ ಮೂಲ. ಅವನು ತೆಪ್ಪಗೆ ಒಳಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ತೆಪ್ಪಗಿರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಅವನು ಪರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಪ್ರೊಟೊಕಾಲ್ ವಿಭಾಗದ ಗುಮಾಸ್ತ. ಬಂದ ಅತಿಥಿಯನ್ನು ಯಾರು ಎದುರುಗೊಳ್ಳಬೇಕು, ಯಾವ ಕುರ್ಚಿಯಲ್ಲಿ ಕೂರಿಸಬೇಕು, ಎಲ್ಲಿಯವರೆಗೆ ಹೋಗಿ ಬೀಳ್ಕೊಡಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಸರೀಕರಾದರೆ ಹೊಸ್ತಿಲವರೆಗೆ, ಮೇಲಿನವರಾದರೆ ಲಿಫ್ಟಿನವರೆಗೆ, ತೀರ ಮೇಲಿನವರಾದರೆ ಕಾರಿನವರೆಗೆ. ಆ ಕಾರು ತಿರುವು ದಾಟಿ ಕಣ್ಮರೆಯಾಗುವ ತನಕ ಕೈಕಟ್ಟಿ ನಿಂತಿರಬೇಕು. ಹೀಗಾಗಿ ಕಚೇರಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಹಿಂದಿನ ತಿಂಗಳು ಆ ಹೆಂಡತಿಯ ಹೃದಯಕ್ಕೆ ದೊಡ್ಡ ಆಪರೇಷನ್ ಆಗಿತ್ತು. ಭಾಷೆ ಸರಿಯಾಗಿ ಬಾರದ ಊರಿನ ಆಸ್ಪತ್ರೆ ವರಾಂಡದಲ್ಲಿ, ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು, ಮುಚ್ಚಿದಾಗಲೆಲ್ಲ ಕುಸಿದು ಕೂತು ಅವನು ಆ ಹಗಲನ್ನು ಕಳೆದಿದ್ದ. ಅವಳಿಲ್ಲದ ಮನೆಯನ್ನು ಅವನು ಅವತ್ತು ಮನಸ್ಸಿನಲ್ಲೇ ಒಮ್ಮೆ ನೋಡಿಬಿಟ್ಟಿದ್ದ. ಇನ್ನೊಮ್ಮೆ ನೋಡುವ ಧೈರ್ಯ ಅವನಿಗಿರಲಿಲ್ಲ.

ಟೋಪಿಗೂ ಮಾಸ್ಕಿಗೂ ನಡುವೆ ಬರೀ ಕಣ್ಣು ಕಾಣುತ್ತಿದ್ದ ಡಾಕ್ಟರು ಅವಳನ್ನು ಮನೆಗೆ ಕಳಿಸುವಾಗ, ಒಂದು ವಾರ ಜನರನ್ನು ಸೇರಿಸಬೇಡಿ ಎಂದಿದ್ದರು. ವಾರ ನಿನ್ನೆಗೆ ಮುಗಿದಿತ್ತು. ಆದರೆ ಕಚೇರಿಯಲ್ಲಿ ಯಾವ ವಾಯಿದೆಯೂ ಹೇಳಿದ ದಿನಕ್ಕೆ ಮುಗಿದದ್ದನ್ನು ಪ್ರೊಟೊಕಾಲಣ್ಣ ಕಂಡವನಲ್ಲ. ತಾನೇ ಇನ್ನೊಂದು ವಾರ ವಿಸ್ತರಿಸಿದ. ಸಂಜೆ ಡಾಕ್ಟರು ಮನೆಗೇ ಬಂದು ಅವಳನ್ನು ಪರೀಕ್ಷಿಸುವವರಿದ್ದರು. ಏನಾದರೂ ಹೆಚ್ಚುಕಮ್ಮಿ ಕಂಡರೆ ಮತ್ತೆ ಆಸ್ಪತ್ರೆ, ಮತ್ತೆ ಅದೇ ವರಾಂಡ.

"ರೀ, ಗೋಡೆ ನೋಡಿ ನೋಡಿ ಸಾಕಾಗಿದೆ. ಯಾರಾದ್ರೂ ಬಂದ್ರೆ ಒಳಗೆ ಬಿಡಿ. ನಾಲ್ಕು ಮಾತಾಡಿದ್ರೆ ನಾನೇನೂ ಸವೆದುಹೋಗಲ್ಲ," ಎಂದಳು ಹೆಂಡತಿ.

"ಸಂಜೆವರೆಗೂ ಮಾತು ಬೇಡ. ನಗು ಅಂತೂ ಬೇಡವೇ ಬೇಡ."

"ನಿಮ್ಮ ಮುಖ ಎದುರಿಗೇ ಇಟ್ಕೊಂಡು ನಗದೇ ಇರೋದು ಹೇಗೆ ಅಂತನಾದ್ರೂ ಹೇಳಿ."

ಅವನು ಕೋಣೆಯ ಪರದೆಗಳನ್ನೆಲ್ಲ ಎಳೆದು ಕತ್ತಲೆ ಮಾಡಿ, ಬಾಗಿಲು ಮುಂದಕ್ಕೆ ಮಾಡಿ ಬಂದು ಪಹರೆಗೆ ಕೂತ.

ಮೊದಲು ಬಂದವಳು ಮೇಲ್ಮನೆ ಅಕ್ಕ. ಕಚೇರಿಯ ಅಕೌಂಟೆಂಟರ ಹೆಂಡತಿ, ಸರಿಯಾಗಿ ಇವರ ತಲೆಯ ಮೇಲಿನ ಮನೆಯಲ್ಲೇ ವಾಸ. ಕೈಯಲ್ಲಿ ಸೂಪಿನ ಫ್ಲಾಸ್ಕಿತ್ತು.

"ಅವಳು ಮಲಗಿದಾಳೆ ಅಕ್ಕ," ಎಂದ.

"ನಿನ್ನೆನೂ ಮಲಗಿದ್ಳು ಅಂದ್ರಿ."

"ಇವತ್ತೂ ಮಲಗಿದಾಳೆ."

"ನಾನು ಎದ್ದೇ ಇದೀನಿ ಅಕ್ಕಾ," ಎಂದು ಒಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

ಪ್ರೊಟೊಕಾಲಣ್ಣ ಕಣ್ಣು ಪಿಳುಕಿಸಲಿಲ್ಲ. "ಪಾಪ, ನಿದ್ದೇಲಿ ಕನವರಿಸ್ತಾಳೆ," ಎಂದ.

ಮೇಲ್ಮನೆ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸೂಪು ವಾಪಸು ಒಯ್ಯುವುದಿಲ್ಲ, ಫ್ಲಾಸ್ಕು ಮಾತ್ರ ಈಗಲೇ ಬೇಕು ಎಂದು ಹಟ ಹಿಡಿದಳು. ಕೊಟ್ಟದ್ದನ್ನು ಬೇಡ ಎನ್ನುವುದು ಶಿಷ್ಟಾಚಾರವಲ್ಲವಾದ್ದರಿಂದ ಅವನು ಕುದಿಕುದಿ ಸೂಪನ್ನು ನಿಂತಲ್ಲೇ ಗಟಗಟ ಕುಡಿದು, ಸುಟ್ಟ ನಾಲಿಗೆಯಲ್ಲಿ ಥ್ಯಾಂಕ್ಸ್ ಹೇಳಿ ಅವಳನ್ನು ಹೊಸ್ತಿಲವರೆಗೆ ಬೀಳ್ಕೊಟ್ಟ. ಹೊಸ್ತಿಲು ಅಲ್ಲೇ ಇತ್ತು.

ಆಮೇಲೆ ಬಂದವರು ಕಚೇರಿಯ ವೀಸಾ ಕಿಟಕಿಯಲ್ಲಿ ಕೂರುವ ವೀಸಾ ಸಾಹೇಬರು. ಜೇಬಿನಲ್ಲಿ ಇಸ್ಪೀಟಿನ ಕಟ್ಟು. "ಅಮ್ಮಾವ್ರಿಗೆ ಬೇಜಾರು ಕಳೀಲಿ ಅಂತ ಬಂದೆ," ಎಂದರು.

"ಸರ್, ನಿಮ್ಮ ಮನವಿ ಪರಿಶೀಲನೆಯಲ್ಲಿದೆ. ಆದಷ್ಟು ಬೇಗ ತಿಳಿಸ್ತೀವಿ. ಪದೇಪದೇ ಬಂದು ವಿಚಾರಿಸಬೇಡಿ."

ವೀಸಾ ಸಾಹೇಬರು ಕಿಟಕಿಯ ಆಚೆಬದಿಯವರಿಗೆ ದಿನವೂ ಹೇಳುತ್ತಿದ್ದ ಮಾತು ಇದು. ಈಚೆ ನಿಂತು ಕೇಳಿದ್ದು ಇದೇ ಮೊದಲು. ಮುಖ ಬಿಳಿಚಿಕೊಂಡು, ಅವನ ಜೊತೆ ಲಿಫ್ಟಿನವರೆಗೆ ನಡೆದುಹೋದರು.

ಮೂರನೆಯವರು ಬಂದಾಗ ಮಾತ್ರ ಅವನು ಕುರ್ಚಿಯಿಂದ ಧಡಕ್ಕನೆ ಎದ್ದು ನಿಂತ. ರಾಯಭಾರಿಗಳ ಹೆಂಡತಿ, ಸಾಕ್ಷಾತ್ ಮೇಡಂ, ಮುಖ ಮುಚ್ಚುವಷ್ಟು ದೊಡ್ಡ ಹೂಗುಚ್ಛ ಹಿಡಿದು ನಿಂತಿದ್ದರು. ಇವರನ್ನು ವಾಪಸು ಕಳಿಸಿದರೆ ಬಡ್ತಿ ಗೋತಾ. ಒಳಗೆ ಬಿಟ್ಟರೆ ಮಾತು, ನಗು, ಸೋಂಕು, ಆಸ್ಪತ್ರೆ. ಅವನಿಗೆ ವರಾಂಡದ ಬೆಂಚು ಕಣ್ಣ ಮುಂದೆ ಬಂತು. ಬಡ್ತಿ ಹಾಳಾಗಿಹೋಗಲಿ ಎಂದುಕೊಂಡ.

"ಮೇಡಂ, ಕ್ಷಮಿಸ್ಬೇಕು. ಅವಳು ಮಲಗಿದಾಳೆ. ಮೆಲ್ಲಗೆ ಮಾತಾಡಿ, ಒಳಗೆ ಪೇಶೆಂಟ್ ಇದಾರೆ."

ಮೇಡಂ "ಆಗ್ಲಿ, ಬರ್ತೀನಿ," ಎಂದು ಹೂಗುಚ್ಛ ಕೊಟ್ಟು ತಿರುಗಿದರು. ಇಂಥವರನ್ನು ಹೊಸ್ತಿಲಲ್ಲೇ ಬಿಟ್ಟುಬಿಡುವುದುಂಟೆ? ಪ್ರೊಟೊಕಾಲಣ್ಣ ಲಿಫ್ಟಿನಲ್ಲಿ ಜೊತೆಗೇ ಇಳಿದು, ಕಾರಿನ ಬಾಗಿಲು ತೆಗೆದು, ಹೂಗುಚ್ಛ ಸಮೇತ ಕೈಕಟ್ಟಿ ನಿಂತ. ಡ್ರೈವರ್ ಕಾರು ಹಿಂದಕ್ಕೆ ತೆಗೆದ, ಮುಂದಕ್ಕೆ ತೆಗೆದ, ಮತ್ತೆ ಹಿಂದಕ್ಕೆ ತೆಗೆದ. ಅದು ತಿರುವು ದಾಟಿದ ಮೇಲೆಯೇ ಇವನು ಕದಲಿದ್ದು.

ಮನೆ ಈಗ ನಿಶ್ಶಬ್ದವಾಗಿತ್ತು. ಕೋಣೆಯ ಕತ್ತಲಲ್ಲಿ ಹೆಂಡತಿ ತಲೆತುಂಬ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಡೆಗೂ ಮಾತು ಕೇಳಿದಳಲ್ಲ ಎಂದು ಅವನಿಗೆ ಎದೆ ತುಂಬಿ ಬಂತು. ಮಂಚದ ಪಕ್ಕ ಮಂಡಿಯೂರಿ ಕೂತ.

"ನೋಡು, ಎದುರಿಗೆ ಹೇಳೋಕೆ ನಂಗೆ ಬರಲ್ಲ," ಎಂದು ಪಿಸುಗುಟ್ಟಿದ. "ಊರಿಗೆಲ್ಲ ಸ್ವಾಗತ ಹೇಳೋ ನಾನು ನಿನ್ಹತ್ರ ಒಂದು ಒಳ್ಳೆ ಮಾತಾಡಿಲ್ಲ. ಅವತ್ತು ಆ ಬಾಗಿಲ ಹೊರಗೆ ಕೂತಾಗ ಗೊತ್ತಾಯ್ತು, ನೀನಿಲ್ದೆ ಇದ್ರೆ ನಾನು ಯಾರನ್ನ ಎಲ್ಲಿವರೆಗೆ ಕಳಿಸಿಕೊಟ್ಟು ಏನು ಪ್ರಯೋಜನ. ನೀನು ನಂಗೆ ಬೇಕು ಕಣೆ. ಅಷ್ಟೇ."

ಅವಳು ಮಿಸುಕಲಿಲ್ಲ. ಅವನು ಕಣ್ಣೊರೆಸಿಕೊಂಡು ಮತ್ತೆ ಕುರ್ಚಿಗೆ ಬಂದ.

ಆಗ ಶುರುವಾಯಿತು ಮೇಲ್ಮನೆಯ ಗಲಾಟೆ. ಕುರ್ಚಿ ಎಳೆದ ಸದ್ದು, ಧಡಧಡ ಓಡಾಟ, ಯಾರೋ ಮೇಜು ಗುದ್ದಿದರು, ಯಾರೋ ಬಿದ್ದು ಬಿದ್ದು ನಕ್ಕರು. ಪ್ರೊಟೊಕಾಲಣ್ಣ ಪೊರಕೆಯ ಹಿಡಿಯಿಂದ ಸೂರಿಗೆ ಮೆತ್ತಗೆ ಕುಟ್ಟಿದ. ಮೇಲಿನವರು ಇನ್ನೂ ಗಟ್ಟಿಯಾಗಿ ತಿರುಗಿ ಕುಟ್ಟಿದರು.

ಅಷ್ಟರಲ್ಲಿ ಕರೆಗಂಟೆ ಹೊಡೆಯಿತು. ಮಣ್ಣು ಮೆತ್ತಿದ ಬೂಟು, ಮೊಣಕೈ ಸವೆದ ಸ್ವೆಟರು, ಹೆಗಲಿಗೊಂದು ಚೀಲ, ಕಂಕುಳಲ್ಲಿ ಒಂದು ಹೂವಿನ ಕುಂಡ. ಮೇಡಂ ಕಳಿಸಿದ ತೋಟದ ಮಾಲಿ ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಅವನು ಆ ದೇಶದ ಭಾಷೆಯಲ್ಲಿ ಏನೋ ಹೇಳುತ್ತ ಒಳಗೆ ಕಾಲಿಡಲು ನೋಡಿದ. ಆ ಭಾಷೆಯಲ್ಲಿ ಪ್ರೊಟೊಕಾಲಣ್ಣನಿಗೆ ಬರುತ್ತಿದ್ದದ್ದು ಕಚೇರಿಯ ಸಮಾರಂಭಗಳಿಗೆಂದು ಉರುಹೊಡೆದ ಕೆಲವು ವಾಕ್ಯಗಳು ಮಾತ್ರ. "ತಮ್ಮ ಆಗಮನದಿಂದ ಉಭಯ ದೇಶಗಳ ಬಾಂಧವ್ಯ ಬಲಗೊಂಡಿದೆ," ಎಂದು ಗಂಭೀರವಾಗಿ ಹೇಳಿ, ಕುಂಡ ಕಿತ್ತುಕೊಂಡು ಬಾಗಿಲು ಹಾಕಿದ.

ಸಂಜೆಯಾಯಿತು. ಡಾಕ್ಟರ ಸುಳಿವಿಲ್ಲ. ಮೇಲೆ ಮಾತ್ರ ಸೂರು ಹಾರಿಹೋಗುವಂಥ ನಗು. ಪ್ರೊಟೊಕಾಲಣ್ಣನ ತಾಳ್ಮೆ ಕಡಿಯಿತು. ಕೋಣೆಯೊಳಗೆ ಇಣುಕಿದ. ಇಷ್ಟು ಗದ್ದಲದಲ್ಲೂ ಅವಳು ಹಂದಾಡಿರಲಿಲ್ಲ. ಎಂಥ ಸಹನೆ ಎಂದುಕೊಂಡು, ಒಂದೊಂದು ಹೆಜ್ಜೆಗೂ ಎರಡೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಮೇಲ್ಮನೆಯ ಬಾಗಿಲು ಬಡಿದ.

ಬಾಗಿಲು ತೆರೆದವಳು ಅವನ ಹೆಂಡತಿ. ಕೈಯಲ್ಲಿ ಇಸ್ಪೀಟು ಎಲೆಗಳು. ಅವನು ಬಾಯಿ ತೆರೆಯುವ ಮುಂಚೆಯೇ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡಿ. ಕೆಳಗೆ ಪೇಶೆಂಟ್ ಮಲಗಿದಾರೆ."

ಒಳಗೆ ಮೇಜಿನ ಸುತ್ತ ಮೇಲ್ಮನೆ ಅಕ್ಕ, ವೀಸಾ ಸಾಹೇಬರು, ಕಟ್ಟಡದ ಹಿಂಬಾಗಿಲಿನಿಂದ ವಾಪಸು ಬಂದಿದ್ದ ಮೇಡಂ ಕೂತಿದ್ದರು. ನಾಲ್ಕನೆಯ ಕುರ್ಚಿಯಲ್ಲಿ ಆ ಮಾಲಿ, ಕೊರಳಲ್ಲಿ ಸ್ಟೆತಾಸ್ಕೋಪು.

"ನೀವು ಕಾರಿಗೆ ಕೈಕಟ್ಕೊಂಡು ನಿಂತಿದ್ರಲ್ಲ, ಆಗ ಬಂದೆ," ಎಂದಳು ಹೆಂಡತಿ. "ಮೊದಲೇ ಫೋನ್ ಮಾಡಿ ಹೇಳಿದ್ದೆ, ಮೇಡಂ ಡ್ರೈವರ್‌ಗೆ ನಿಧಾನ ಮಾಡು ಅಂದಿದ್ರು. ಡಾಕ್ಟರು ರಜಾದಿನ ಅಂತ ತೋಟದಿಂದ ನೇರ ಬಂದ್ರಂತೆ. ಮೆಟ್ಟಿಲಲ್ಲಿ ಪೆಚ್ಚಾಗಿ ನಿಂತಿದ್ರು, ಅಕ್ಕ ಕರ್ಕೊಂಡು ಬಂದ್ರು."

ಪ್ರೊಟೊಕಾಲಣ್ಣ ಗೋಡೆ ಹಿಡಿದುಕೊಂಡ. ಡಾಕ್ಟರು ಎದ್ದು ಬಂದು ಅವನ ಕೈ ನೋಡಿದರು, ತೋಳಿಗೆ ಬಿಪಿ ಪಟ್ಟಿ ಸುತ್ತಿದರು, ಹುಬ್ಬೇರಿಸಿದರು. ಅವರು ಹೇಳಿದ್ದನ್ನು ವೀಸಾ ಸಾಹೇಬರು ಸಂತೋಷದಿಂದ ಅನುವಾದಿಸಿದರು.

"ಅಮ್ಮಾವ್ರು ಪೂರ್ತಿ ಹುಷಾರಾಗಿದಾರಂತೆ. ಜನರ ಜೊತೆ ನಗ್ತಾ ಇರೋದೇ ಅವರಿಗೆ ಔಷಧಿಯಂತೆ. ನಿಮ್ಮ ಬಿಪಿ ಮಾತ್ರ ಮುಗಿಲು ಮುಟ್ಟಿದೆ. ಒಂದು ವಾರ ಹಾಸಿಗೆ ಬಿಟ್ಟು ಏಳಬಾರದು."

ಎಲ್ಲರೂ ಸೇರಿ ಅವನನ್ನು ಮೆರವಣಿಗೆಯಲ್ಲಿ ಕೆಳಗೆ ತಂದರು. ಹೆಂಡತಿ ಹೊದಿಕೆ ಸರಿಸಿ, ಅದರ ಕೆಳಗಿದ್ದ ಎರಡು ದಿಂಬು ತೆಗೆದು, ಆ ಜಾಗದಲ್ಲಿ ಗಂಡನನ್ನು ಮಲಗಿಸಿದಳು. ಅವನು ದಿಂಬುಗಳನ್ನು ನೋಡಿದ. ಕಿವಿ ಕೆಂಪಾಯಿತು.

"ಅಕ್ಕ ನಿಮಗೆ ಅಂತ ಮತ್ತೆ ಫ್ಲಾಸ್ಕ್ ತುಂಬಿಸ್ಕೊಂಡು ಕೆಳಗೆ ಬಂದಿದ್ರಂತೆ. ಬಾಗಿಲು ತೆಗೆದೇ ಇತ್ತಂತೆ. ಒಳಗೆ ನೀವು ಯಾರ ಹತ್ರನೋ ಅಳ್ತಾ ಮಾತಾಡ್ತಿದ್ರಿ ಅಂತ ಹಾಗೇ ವಾಪಸ್ ಬಂದ್ರು," ಎಂದಳು ಹೆಂಡತಿ. "ಏನಂದ್ರಿ?"

"ಏನಿಲ್ಲ."

ಅವಳು ದಿಂಬನ್ನು ಎತ್ತಿ ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಗಂಭೀರವಾಗಿ ಕೇಳಿಸಿಕೊಂಡಳು. "ತಾನು ಹೇಳಲ್ವಂತೆ. ನೀವೇ ಇನ್ನೊಂದ್ಸಲ ಹೇಳ್ಬೇಕಂತೆ, ನಂಗೆ ಕೇಳೋ ಹಾಗೆ."

ಮೇಲ್ಮನೆ ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ವೀಸಾ ಸಾಹೇಬರು ಡಾಕ್ಟರಿಗೆ ಅನುವಾದಿಸಲು ಗಂಟಲು ಸರಿಮಾಡಿಕೊಂಡರು. ಮೇಡಂ ಬೆಳಗ್ಗೆ ಇವನು ಕೂತಿದ್ದ ಕುರ್ಚಿಯನ್ನೇ ತರಿಸಿಕೊಂಡು ಮಂಚಕ್ಕೆ ಒತ್ತಿ ಹಾಕಿಸಿಕೊಂಡರು. ಪ್ರೊಟೊಕಾಲಣ್ಣ ಹೆಂಡತಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನಗುವಿನ ಜೊತೆ ಇನ್ನೇನೋ ಇತ್ತು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

ಅವನ ತೋಳಿಗೆ ಮತ್ತೆ ಪಟ್ಟಿ ಸುತ್ತಿ ನೋಡುತ್ತಿದ್ದ ಡಾಕ್ಟರು ಗಾಬರಿಯಿಂದ ಏನೋ ಹೇಳಿದರು.

"ಇನ್ನೂ ಏರ್ತಾ ಇದೆಯಂತೆ," ಎಂದರು ವೀಸಾ ಸಾಹೇಬರು. "ಒಂದು ವಾರ ಸಾಲದು, ಇನ್ನೊಂದು ವಾರ ವಿಸ್ತರಿಸಿದಾರೆ."